ಕೂಸು ಹುಟ್ಟುವ ಮುನ್ನ ಕುಲಾವಿ

ಇಂಗ್ಲೆಂಡಿನ ಕಾಲ್ಚೆಂಡಾಟದ ಅಭಿಮಾನಿಗಳಲ್ಲಿ ಬಹುಕಾಲದಿಂದ ನಡೆದುಬಂದ ವಾದವೊಂದುಂಟು. ತಮ್ಮ ಸಂಘವು ಎರಡನೆಯ ದರ್ಜೆಯಲ್ಲಿರುವಾಗಲೇ ಹೆಚ್ಚು ಹಣ ತೆತ್ತು ಆಟಗಾರರನ್ನು ಕೊಳ್ಳಬೇಕೆ, ಮೇಲಿನ ದರ್ಜೆಗೇರಿದ ಬಳಿಕ ಕೊಳ್ಳಬೇಕೆ? ಬಿತ್ತದೆ ಬೆಳೆಯುಂಟೆ ಎಂಬುದು ಒಂದು ಪಕ್ಷ. ಕೂಸು ಹುಟ್ಟುವ ಮುನ್ನ ಕುಲಾವಿಯೇಕೆ ಎಂಬುದು ಇನ್ನೊಂದು.

ಡರ್ಬಿ ಕೌಂಟಿ ಸಂಘವು ವರಮಾನವನ್ನು ಮೀರಿ ಆಟಗಾರರಿಗೆ ವೆಚ್ಚ ಮಾಡಿತು. 2019ರಲ್ಲಿ ವೆಂಬ್ಲಿಯಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಆಸ್ಟನ್ ವಿಲ್ಲಾ ಸಂಘಕ್ಕೆ 2–1ರಿಂದ ಸೋತು ಹೊಸ್ತಿಲಲ್ಲಿಯೇ ಉಳಿಯಿತು. 2021ರಲ್ಲಿ ಸಾಲದ ಭಾರದಿಂದ ಅದರ ಆಡಳಿತವು ಪರರ ಕೈಸೇರಿತು. 21 ಅಂಕಗಳು ದಂಡವಾಗಿ ಹೋದುವು. 2022ರಲ್ಲಿ ಅದು ಮೂರನೆಯ ದರ್ಜೆಗಿಳಿಯಿತು. ಗೆದ್ದ ವಿಲ್ಲಾ ಸಂಘವೂ 2018ರಲ್ಲಿ ಹಣದ ಮುಗ್ಗಟ್ಟಿನಲ್ಲಿಯೇ ಇದ್ದಿತು. ಅದನ್ನು ಉಳಿಸಿದ ಗೆಲುವಿನ ಅಂತರ ಒಂದೇ ಗೋಲು. ಇತ್ತ ಲೂಟನ್ ಟೌನ್ ಸಂಘವು ಮಿತವ್ಯಯದಿಂದಲೇ 2023ರಲ್ಲಿ ಅಗ್ರಶ್ರೇಣಿಗೇರಿತು. ಆದರೆ 2024ರಲ್ಲಿ ಇಳಿದುಬಿಟ್ಟಿತು.

ಆದುದರಿಂದ ಎರಡು ಪಕ್ಷಗಳಲ್ಲಿಯೂ ಹುರುಳುಂಟೆಂದು ನಾವು ಒಪ್ಪುತ್ತೇವೆ. ಬಿತ್ತುವುದು ತಪ್ಪಲ್ಲ. ಆದರೆ ಮಳೆ ತಪ್ಪಿದರೂ ಮನೆಮಂದಿ ಉಣ್ಣುವಷ್ಟನ್ನು ಕಣಜದಲ್ಲಿ ಉಳಿಸಿಕೊಂಡು ಬಿತ್ತಬೇಕು. ಈ ಲೆಕ್ಕವನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ.