ನಾಗವಲ್ಲಿಯ ಶಾಪ ಮತ್ತು ನಮ್ಮ ಸರಪಳಿಗಳು

2004ರ ಆಗಸ್ಟ್‌ನಲ್ಲಿ ತೆರೆಕಂಡ ‘ಆಪ್ತಮಿತ್ರ’ ಕನ್ನಡಿಗರು ಮುಗಿಬಿದ್ದು ನೋಡಿದ ಚಿತ್ರ. ಹಳೆಯ ಅರಮನೆ, ಬೀಗ ಜಡಿದ ಕೋಣೆ, ನರ್ತಕಿ ನಾಗವಲ್ಲಿಯ ಸೇಡು. ಹೆದರಿಸಲು ಬೇಕಾದುದೆಲ್ಲವೂ ಅದರಲ್ಲಿತ್ತು. ಆದರೆ ಕಥೆಯ ತಿರುಳು ದೆವ್ವವಲ್ಲ. ಗಂಗಾ ಎಂಬ ಗೃಹಿಣಿಯ ಮನಸ್ಸು ಒಡೆದು, ಆಕೆ ತನ್ನನ್ನೇ ನಾಗವಲ್ಲಿಯೆಂದು ಭಾವಿಸತೊಡಗುತ್ತಾಳೆ. ಅದನ್ನು ಕಂಡುಹಿಡಿಯುವವನು ಮನೋವೈದ್ಯ. ಇದರ ಮೂಲ, 1993ರಲ್ಲಿ ಫಾಝಿಲ್ ನಿರ್ದೇಶಿಸಿದ ಮಲಯಾಳಂನ ‘ಮಣಿಚಿತ್ರತ್ತಾಳ್’. ಕೊನೆಯಲ್ಲಿ ವೈದ್ಯನು ಪೂಜೆ, ಮಂತ್ರಗಳ ಆವರಣವನ್ನೇ ಚಿಕಿತ್ಸೆಯ ಉಪಾಯವಾಗಿ ಬಳಸುತ್ತಾನೆ. ಪ್ರೇಕ್ಷಕರ ನೆನಪಿನಲ್ಲಿ ಉಳಿದುದು ಆ ಆವರಣವೇ, ಚಿಕಿತ್ಸೆಯಲ್ಲ.

ಚಿತ್ರ ಬಿಡುಗಡೆಯಾಗುವ ಮೊದಲೇ, ಆ ವರ್ಷದ ಏಪ್ರಿಲ್ 17ರಂದು, ನಟಿ ಸೌಂದರ್ಯ ಬೆಂಗಳೂರಿನ ಬಳಿ ವಿಮಾನ ದುರಂತದಲ್ಲಿ ಮಡಿದರು. ಮುಂದುವರಿದ ಭಾಗವಾದ ‘ಆಪ್ತರಕ್ಷಕ’ ತೆರೆಗೆ ಬರುವ ಮುನ್ನ, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ಹೃದಯಾಘಾತದಿಂದ ನಿಧನರಾದರು. ಇಷ್ಟು ಸಾಕಾಯಿತು, ನಾಗವಲ್ಲಿಯ ಶಾಪದ ಕಥೆ ಊರೂರು ತಿರುಗಿತು. ಅದೇ ಪಾತ್ರವನ್ನು ಮಲಯಾಳಂನಲ್ಲಿ ಅಭಿನಯಿಸಿ ರಾಷ್ಟ್ರಪ್ರಶಸ್ತಿ ಪಡೆದ ಶೋಭನಾ ಆ ಬಳಿಕವೂ ದಶಕಗಳ ಕಾಲ ನರ್ತಿಸಿದರು. 2005ರ ‘ಚಂದ್ರಮುಖಿ’ಯಲ್ಲಿ ವೈದ್ಯನಾದ ರಜನಿಕಾಂತರಿಗೂ ಏನೂ ಆಗಲಿಲ್ಲ. ಶಾಪಕ್ಕೆ ರಾಜ್ಯದ ಗಡಿ ದಾಟಲು ಬರುವುದಿಲ್ಲವೇನೋ!

ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಸಾವಿಗಾಗಿಯೇ ಸೂರ್ಯ ಮಂಕಾದನೆಂದು ಜನರು ಹೇಳತೊಡಗಿದರು. ಮಗನನ್ನು ಕಳೆದುಕೊಂಡ ಆ ತಂದೆ, ದುಃಖದ ನಡುವೆಯೂ ಅದನ್ನು ತಿದ್ದಿದರು: ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗೂ ಹುಟ್ಟಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ. ತಮ್ಮ ಮನೆತನದ ಹಿರಿಮೆ ಹೆಚ್ಚಿಸುತ್ತಿದ್ದ ವದಂತಿಯನ್ನೂ ಅವರು ಬೆಳೆಯಗೊಡಲಿಲ್ಲ.

ಆದರೆ ಶಾಪದ ಕಥೆಗೆ ನಗುವ ಹಕ್ಕು ನಮಗೆಷ್ಟಿದೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಒಂದು ಆಶ್ರಯಕೇಂದ್ರಕ್ಕೆ ಬೆಂಕಿ ಬಿದ್ದು 28 ಮಂದಿ ಮಾನಸಿಕ ರೋಗಿಗಳು ಸತ್ತರು. ಅವರನ್ನು ಸರಪಳಿಗಳಿಂದ ಕಟ್ಟಿಹಾಕಲಾಗಿತ್ತು; ಓಡಲು ಆಗಲಿಲ್ಲ. ಅವರ ಮನೆಯವರು ಕ್ರೂರಿಗಳಾಗಿರಲಿಲ್ಲ. ದೆವ್ವ ಬಿಟ್ಟುಹೋಗಲಿ ಎಂದು ಹರಕೆ ಹೊತ್ತು ಬಿಟ್ಟುಬಂದವರು ಅವರಲ್ಲಿ ಬಹಳ ಮಂದಿ.

ಜಿನ್ನ್‌ಗಳ ಅಸ್ತಿತ್ವ ನಮ್ಮ ವಿಶ್ವಾಸದ ಭಾಗ, ಅದರಲ್ಲಿ ಸಂದೇಹವಿಲ್ಲ. ಆದರೆ ನಿದ್ದೆ ಬಾರದ ಸೊಸೆ, ಹೆರಿಗೆಯ ಬಳಿಕ ಮೌನಿಯಾದ ಮಗಳು, ಯಾರದೋ ದನಿ ಕೇಳಿಸುತ್ತದೆನ್ನುವ ತಮ್ಮ, ಇವರೆಲ್ಲರ ಮೇಲೂ ಜಿನ್ನ್ ಬಂದಿದೆಯೆಂದು ನಿರ್ಣಯಿಸುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ದುಆ ಮಾಡುವುದನ್ನು ವೈದ್ಯರಾರೂ ತಡೆಯುವುದಿಲ್ಲ. ತಡೆಯುತ್ತಿರುವವರು ನಾವು, ಅದೂ ವೈದ್ಯರ ಬಳಿಗೆ ಹೋಗುವುದನ್ನು.

2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗಳನ್ನು ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ದೂರದೂರದ ಊರುಗಳಿಂದ ಜನ ಬರುತ್ತಾರೆ, ನಮ್ಮವರೂ ಬರುತ್ತಾರೆ, ಅನೇಕ ವೇಳೆ ತಾಯಿತಗಳಿಗೆ ಹಣವೆಲ್ಲ ಮುಗಿದ ನಂತರ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟದ ಮೇಜಿನ ಮೇಲೆಯೇ ಇಡುವ ನಾವು, ಮನೋವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಕಪಾಟಿನ ಬಟ್ಟೆಗಳ ನಡುವೆ ಬಚ್ಚಿಡುತ್ತೇವೆ. ಮಗಳ ಮದುವೆಯ ಮಾತುಕತೆ ಮುರಿದೀತೆಂಬ ಭಯ.