ಬಾಗಿಲಿಗೆ ಕಸ ಸುರಿದರೆ ಯಾರಿಗೆ ಪಾಠ?

2025ರ ಅಕ್ಟೋಬರ್ 30ರಂದು ಬೆಂಗಳೂರಿನಲ್ಲಿ ‘ಕಸ ಸುರಿಯುವ ಹಬ್ಬ’ ಶುರುವಾಯಿತು. ರಸ್ತೆ ಮೂಲೆಯಲ್ಲಿ ಕಸ ಎಸೆದವರನ್ನು ನಗರಾಡಳಿತದ ಮಾರ್ಷಲ್‌ಗಳು ವಿಡಿಯೊದಲ್ಲಿ ಹಿಡಿದು, ಮನೆ ಪತ್ತೆ ಮಾಡಿ, ಗಾಡಿಯಲ್ಲಿ ತಂದ ಕಸವನ್ನು ಅವರ ಬಾಗಿಲ ಮುಂದೆ ಸುರಿಸಿದರು. ಮೊದಲ ದಿನವೇ ಇನ್ನೂರಕ್ಕೂ ಹೆಚ್ಚು ಮನೆಗಳ ಮುಂದೆ ಹೀಗಾಯಿತು. ದಂಡವೂ ಬಿತ್ತು. ‘ಇಂಥವರಿಗೆ ಹೀಗೇ ಆಗಬೇಕು’ ಎಂದು ಊರಿಗೆ ಊರೇ ಚಪ್ಪಾಳೆ ತಟ್ಟಿತು. ಪರಿಸರದ ಬಗ್ಗೆ ನಿಜವಾದ ಕಾಳಜಿ ಇರುವ ನನ್ನ ಗೆಳೆಯರೂ ಆ ಗುಂಪಿನಲ್ಲಿದ್ದರು.

ನಾನು ಇದನ್ನು ಒಪ್ಪುವುದಿಲ್ಲ. ಬೀದಿಗೆ ಕಸ ಎಸೆಯುವುದು ತಪ್ಪು, ದಂಡ ಹಾಕಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲಿಗೆ ಸುರಿದ ಕಸ ತಾನಾಗಿ ಎದ್ದು ಹೋಗುವುದಿಲ್ಲ. ದಂಡ ವಸೂಲಾದ ಮೇಲೆ ಅದನ್ನು ಬಳಿದು ಮತ್ತೆ ಗಾಡಿಗೆ ತುಂಬಬೇಕಾದವರು ಕಸದ ಕೆಲಸದವರೇ. ಮನೆಯವರಿಗೆ ಒಂದು ದಿನದ ಅವಮಾನವಾಯಿತು ನಿಜ. ಅದಕ್ಕಾಗಿ ಅದೇ ಕೊಳೆತ ಕಸಕ್ಕೆ ಅದೇ ಜನ ಎರಡೆರಡು ಸಲ ಕೈ ಹಾಕಬೇಕಾಯಿತು. ಇನ್ನೊಬ್ಬರ ಕಸ ಮುಟ್ಟುವುದನ್ನೇ ಶಿಕ್ಷೆ ಎಂದು ತೋರಿಸುವ ಸರ್ಕಾರ, ಆ ಕೆಲಸವನ್ನು ದಿನವೂ ಮಾಡುವವರ ಬಗ್ಗೆ ಏನು ಹೇಳಿದ ಹಾಗಾಯಿತು?

ಸುಸ್ಥಿರ ಬದುಕು ಎಂದ ಕೂಡಲೇ ನಮ್ಮ ಮಾತು ಬಿದಿರಿನ ಬ್ರಷ್ಷು, ಬಟ್ಟೆ ಚೀಲ, ತಾಮ್ರದ ಬಾಟಲಿಗಳ ಕಡೆಗೆ ಹೊರಳುತ್ತದೆ. ಅವು ಬೇಡ ಎಂದಲ್ಲ. ಆದರೆ ಅಲ್ಲೆಲ್ಲ ಮುಂದಿರುವುದು ಕೊಳ್ಳುವವರ ನೆಮ್ಮದಿ. ಮನೆಯೊಳಗಿನ ಅಭ್ಯಾಸಕ್ಕೂ ಮನೆ ಹೊರಗಿನ ನ್ಯಾಯಕ್ಕೂ ನೇರ ನಂಟು ಕಾಣುವ ಜಾಗ ಬೇರೆಯೇ ಇದೆ. ನಿಮ್ಮ ವಾರ್ಡಿನ ಒಣಕಸ ಸಂಗ್ರಹ ಕೇಂದ್ರಕ್ಕೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಚೀಲದ ಬಾಯಿ ಬಿಚ್ಚಿ ಸುರಿದಾಗ ಕಾಗದ, ರಟ್ಟು, ಬಾಟಲಿಗಳ ನಡುವೆ ಒಂದು ಕಪ್ಪು ಕವರು ಇರುತ್ತದೆ, ಬಿಗಿಯಾಗಿ ಗಂಟು ಹಾಕಿದ್ದು. ಒಳಗೆ ಏನಿದೆ ಎಂದು ತಿಳಿಯಲು ಹರಿದೇ ನೋಡಬೇಕು. ನಿನ್ನೆಯ ಸಾರು ಇರಬಹುದು, ಒಡೆದ ಬಲ್ಬು ಇರಬಹುದು, ಶೇವಿಂಗ್ ಬ್ಲೇಡು, ಮಗುವಿನ ಡೈಪರು, ಹಾಗೇ ಎಸೆದ ಪ್ಯಾಡು. ಕಾಗದ ಸಾರಿನಲ್ಲಿ ನೆನೆದಿದ್ದರೆ ಅದಕ್ಕೆ ಬೆಲೆಯಿಲ್ಲ. ತೊಳೆಯದ ಹಾಲಿನ ಕವರು ಎರಡೇ ದಿನಕ್ಕೆ ನಾರುತ್ತದೆ, ತೊಳೆದು ಒಣಗಿಸಿದ್ದಾದರೆ ಮಾರಾಟವಾಗುತ್ತದೆ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿದರೆ ಆ ಉಗುರಿನಷ್ಟು ತುಂಡನ್ನು ಯಾರೂ ಆರಿಸಲಾರರು, ಅದು ಮಣ್ಣಿಗೋ ಚರಂಡಿಗೋ ಸೇರುತ್ತದೆ. ಅಂಚಿಗೆ ಅಂಟಿಕೊಂಡೇ ಇರುವ ಹಾಗೆ ಸೀಳಿದರೆ ಸಾಕು. ನಮ್ಮ ಪಾಲಿಗೆ ಇದು ಅರ್ಧ ನಿಮಿಷದ ಕೆಲಸ. ಅಲ್ಲಿ ಕುಳಿತು ಆರಿಸುವ ಹೆಂಗಸಿಗೆ ಇದು ಆ ದಿನದ ಸಂಪಾದನೆ, ಬೆರಳಿನ ಗಾಯ.

ಇಂಥ ಎಷ್ಟೋ ಕೇಂದ್ರಗಳನ್ನು ನಡೆಸುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. 2011ರಲ್ಲಿ ಬೆಂಗಳೂರು ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿದಾಗ ದೇಶದ ಬೇರೆ ನಗರಗಳು ತಿರುಗಿ ನೋಡಿದ್ದವು. ಹಸಿರು ದಳದಂಥ ಸಂಘಟನೆ ಅವರ ಬೆನ್ನಿಗೆ ನಿಂತಿತು. ಮರುವರ್ಷ, 2012ರಲ್ಲಿ, ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ಆ ಆದೇಶ ಬಂದದ್ದು ನಗರದವರಿಗೆ ಜ್ಞಾನೋದಯವಾಗಿ ಅಲ್ಲ. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ‘ನಿಮ್ಮ ಕಸ ಇನ್ನು ಸಾಕು’ ಎಂದು ರಸ್ತೆಗಿಳಿದರು, ನೆಲಭರ್ತಿ ಮುಚ್ಚಿತು, ಕಸ ನಗರದ ಬೀದಿಗಳಲ್ಲೇ ರಾಶಿ ಬಿತ್ತು. ಆಮೇಲೆ ಮಂಡೂರು. ಅಲ್ಲಿನವರು 2014ರಲ್ಲಿ ಲಾರಿ ತಡೆದ ಮೇಲೆ ಆ ವರ್ಷದ ಕೊನೆಗೆ ಅದೂ ನಿಂತಿತು. ಆಮೇಲೆ ಬೆಳ್ಳಹಳ್ಳಿಯ ಕ್ವಾರಿ, ಆಮೇಲೆ ಮಿಟ್ಟಗಾನಹಳ್ಳಿ. ಹಸಿ ಒಣ ಕೂಡಿಸಿ ಸುರಿದ ಕಸ ಕೊಳೆತು ಒಸರುವ ಕಪ್ಪು ನೀರು ಯಾರ ಬಾವಿಗೆ, ಯಾರ ಕೆರೆಗೆ ಇಳಿಯುತ್ತದೆ ಎಂದು ಆ ಊರಿನವರನ್ನು ಕೇಳಿ. ನಮ್ಮ ಅಡುಗೆಮನೆಯಲ್ಲಿ ಹಸಿಕಸಕ್ಕೊಂದು, ಡೈಪರಿನಂಥದ್ದಕ್ಕೊಂದು ಎಂದು ಎರಡು ಬುಟ್ಟಿ, ಒಣಕಸಕ್ಕೆ ಒಂದು ಚೀಲ ಇಡದಿದ್ದರ ಬೆಲೆಯನ್ನು ಇವರು ತೆತ್ತಿದ್ದಾರೆ.

ಕಸದ ಮಾತು ಆಡುವಾಗ ಜಾತಿಯ ಮಾತು ಬಿಟ್ಟರೆ ಅದು ಅರ್ಧ ಸುಳ್ಳು. ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಬೆಂಗಳೂರಿನಲ್ಲಿ ಹೆಚ್ಚಿನವರು ಹೆಂಗಸರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಲ್ಲಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನಂಥ ದಲಿತ ಮಂತ್ರಿಯೇ ಬರಬೇಕಾಯಿತು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಅದನ್ನು ಜಾರಿ ಮಾಡಿ ಎಂದು ಮುಂದಿನ ತಲೆಮಾರೂ ಕೂಗಬೇಕಾಯಿತು. 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತಾಗ ನಗರ ನಾಲ್ಕೇ ದಿನಕ್ಕೆ ನಾರಿತು, ಸರ್ಕಾರ ಕಾಯಂ ಮಾಡುವ ಭರವಸೆ ಕೊಟ್ಟಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ನೇಮಕಾತಿ ಪತ್ರ ಸಿಕ್ಕಿದ್ದು 2025ರ ಮೇ 1ರಂದು. ದೊಡ್ಡ ಗೆಲುವು, ಅವರೇ ಹೋರಾಡಿ ಪಡೆದದ್ದು. ಆದರೆ ಅದು ಹೆಚ್ಚಾಗಿ ರಸ್ತೆ ಗುಡಿಸುವವರಿಗೆ. ಮನೆಮನೆಗೆ ಬಂದು ನಮ್ಮ ಬುಟ್ಟಿ ಈಸಿಕೊಳ್ಳುವ ಆಟೊ ಚಾಲಕರು, ಹೆಲ್ಪರ್‌ಗಳು ಗುತ್ತಿಗೆದಾರರ ಕೈಕೆಳಗೆ ದುಡಿದುಕೊಂಡೇ ಬಂದವರು. ನಮ್ಮನ್ನೂ ಕಾಯಂ ಮಾಡಿ ಎಂಬ ಅವರ ಬೇಡಿಕೆಯೂ ಹಳೆಯದೇ.

ಇನ್ನು ಬೀದಿಗೆ ಎಸೆಯುವವರ ವಿಚಾರ. ಅವರಲ್ಲಿ ಕಾರಿನ ಕಿಟಕಿ ಇಳಿಸಿ ಎಸೆಯುವ ಧಿಮಾಕಿನವರು ಇದ್ದಾರೆ. ಅವರ ಬಗ್ಗೆ ನನಗೆ ಕನಿಕರವಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್ ಬಸ್ಸು ಹಿಡಿಯುವವಳು, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುವ ಸೆಕ್ಯುರಿಟಿ ಗಾರ್ಡು, ಹತ್ತಡಿ ಕೋಣೆಯಲ್ಲಿ ಬಾಡಿಗೆಗಿರುವ ನಾಲ್ವರು ಹುಡುಗರು, ಇವರು ಎಂಟಕ್ಕೋ ಹತ್ತಕ್ಕೋ ಬರುವ, ಕೆಲವು ದಿನ ಬಾರದೇ ಇರುವ ಗಾಡಿಗೆ ಬುಟ್ಟಿ ಹಿಡಿದು ಹೇಗೆ ಕಾಯುತ್ತಾರೆ? ದೊಡ್ಡ ಅಪಾರ್ಟ್‌ಮೆಂಟಿನ ಬೆರೆತ ಕಸ ಹಿಂಬಾಗಿಲಿನಿಂದ ಖಾಸಗಿ ಗಾಡಿ ಹತ್ತಿ ಹೋಗುತ್ತದೆ. ಅದರ ವಿಡಿಯೊ ಯಾರೂ ಮಾಡುವುದಿಲ್ಲ. ನಡೆದು ಬಂದು ಮೂಲೆಯಲ್ಲಿ ಕವರು ಇಟ್ಟವಳ ಮುಖ ಮಾತ್ರ ಕ್ಯಾಮೆರಾಗೆ ಸಿಗುತ್ತದೆ.

2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳ ಮೇಲೆ ಕಸದ ಬಳಕೆದಾರರ ಶುಲ್ಕ ಬಂದಿದೆ, ಕಟ್ಟಡದ ಅಳತೆಗೆ ತಕ್ಕಂತೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ. ಆ ದುಡ್ಡಿನಲ್ಲಿ ಸಂಜೆಯ ಒಂದು ಸುತ್ತು ಗಾಡಿ ಓಡಿಸಿ. ಗಾಡಿ ಬರುವ ಹೊತ್ತನ್ನು ಪ್ರತಿ ಬೀದಿಯಲ್ಲೂ ಬರೆದು ಹಾಕಿ. ಹೆಲ್ಪರ್‌ಗಳಿಗೆ ನೇರ ಸಂಬಳ, ವಾರದ ರಜೆ, ಹರಿಯದ ಕೈಗವಸು ಕೊಡಿ. ಬೇರ್ಪಡಿಸಿ ಕೊಟ್ಟ ಕಸವನ್ನು ಗಾಡಿಯಲ್ಲೇ ಮತ್ತೆ ಬೆರೆಸುವುದನ್ನು ನಿಲ್ಲಿಸಿ, ಏಕೆಂದರೆ ಜನ ನಂಬಿಕೆ ಕಳೆದುಕೊಳ್ಳುವುದು ಅಲ್ಲೇ. ಇಷ್ಟೂ ಮಾಡಿದ ಮೇಲೆ ಎಸೆಯುವವನಿಗೆ ದುಪ್ಪಟ್ಟು ದಂಡ ಹಾಕಿ, ನಾನೇ ಬೆಂಬಲಿಸುತ್ತೇನೆ. ಬಾಗಿಲಿಗೆ ಕಸ ಸುರಿಯುವ ಕಾರ್ಯಕ್ರಮವನ್ನು ಮಾತ್ರ ಕೈಬಿಡಿ.

ಓದುಗರಲ್ಲಿ ಒಂದು ಕೋರಿಕೆ. ನಾಳೆ ಹಾಲಿನ ಕವರು ತೊಳೆದು ಒಣಹಾಕಿ. ಒಡೆದ ಗಾಜನ್ನು ರಟ್ಟಿನಲ್ಲಿಟ್ಟು ‘ಗಾಜು’ ಎಂದು ಬರೆಯಿರಿ. ಪ್ಯಾಡು, ಡೈಪರುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯೇ ಕೊಡಿ. ಗಾಡಿಯ ಹೆಲ್ಪರ್ ಬರಿಗೈಯಲ್ಲಿದ್ದರೆ ಅವರ ಮೇಲೆ ರೇಗಬೇಡಿ, ಕೈಗವಸು ಯಾಕೆ ಕೊಟ್ಟಿಲ್ಲ ಎಂದು ವಾರ್ಡಿನ ಅಧಿಕಾರಿಗೆ ಫೋನ್ ಮಾಡಿ ಕೇಳಿ.