ಕೀವಾಗದ ಗಾಯ, ನೂರು ದಾಟಿದ ಜ್ವರ

ಹೊನ್ನಾವರದ ಮನೆಯಂಗಳಗಳಲ್ಲಿ, ಭಟ್ಕಳದ ಕಡಲಂಚಿನ ಮರಳಿನಲ್ಲಿ, ನೀರೆರೆಯುವವರಿಲ್ಲದಿದ್ದರೂ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪವನ್ನು ನೀವು ನೋಡಿಯೇ ಇರುತ್ತೀರಿ. ಇದರ ತವರು ಮಡಗಾಸ್ಕರ್ ದ್ವೀಪ. ಇದರ ಎಲೆಗಳಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟಿನ್ ಎಂಬ ಔಷಧಕ್ಕೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಇಂದಿಗೂ ಅದನ್ನು ಕೊಡುತ್ತಾರೆ. (ಹಾಗೆಂದು ಎಲೆ ಜಜ್ಜಿ ರಸ ಕುಡಿಸುವ ಸಾಹಸ ಬೇಡ, ಗಿಡ ವಿಷಕಾರಿ.)

ಈ ಔಷಧ ಸಿರೆಯೊಳಗೇ ಹೋಗಬೇಕು. ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಸುಟ್ಟಂತೆ ಹುಣ್ಣಾಗುತ್ತದೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣವೇ ಹೋಗುತ್ತದೆ. ಆದ್ದರಿಂದಲೇ ಮಕ್ಕಳ ಕ್ಯಾನ್ಸರ್ ವಿಭಾಗದ ನರ್ಸ್ ಪ್ರತಿ ಸಲವೂ ಮಗುವಿನ ಎತ್ತರ, ತೂಕ ಅಳೆಯುತ್ತಾರೆ, ಔಷಧದ ಪ್ರಮಾಣವನ್ನು ಇನ್ನೊಬ್ಬರೊಡನೆ ತಾಳೆ ನೋಡುತ್ತಾರೆ, ಪರಿಚಿತ ಮಗುವಾದರೂ ಹೆಸರು ಕೇಳಿಯೇ ಸೂಜಿ ಹಿಡಿಯುತ್ತಾರೆ.

ಪಕ್ಕದ ಮಂಚದಲ್ಲಿ ಥಲಸ್ಸೀಮಿಯಾ ಇರುವ ಮಗು ಮಲಗಿರಬಹುದು. ಅದಕ್ಕೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಬೇಕು. ಒಂದು ಬಾಟಲಿ ರಕ್ತದೊಡನೆ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಒಳಸೇರುತ್ತದೆ. ಅದನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ಹೃದಯ, ಯಕೃತ್ತುಗಳಲ್ಲಿ ಅದು ಕೂರದಂತೆ ಬೇರೆಯೇ ಔಷಧ ಕೊಡಬೇಕು. ರಕ್ತ ಹರಿಯತೊಡಗಿದ ಮೊದಲ ಹದಿನೈದು ನಿಮಿಷ ನರ್ಸ್ ಆ ಮಗುವಿನ ಬಳಿಯಿಂದ ಕದಲುವುದಿಲ್ಲ. ಒಗ್ಗದ ರಕ್ತವಾದರೆ ನಡುಕವೋ ಜ್ವರವೋ ಹೆಚ್ಚಾಗಿ ಆಗಲೇ ಕಾಣಿಸಿಕೊಳ್ಳುತ್ತದೆ.

ಆದರೆ ಹೊರರೋಗಿ ವಿಭಾಗದ ದೊಡ್ಡ ಕೆಲಸ ಶುರುವಾಗುವುದು ಮಗು ಮನೆಗೆ ಹೊರಟಾಗ. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅದರಲ್ಲಿ ಬಹುಪಾಲು ದಿನಗಳನ್ನು ಮಗು ಕಳೆಯುವುದು ಮನೆಯಲ್ಲೇ. ನಮ್ಮ ಕರಾವಳಿಯ ಮಕ್ಕಳ ಪಾಲಿಗೆ ಚಿಕಿತ್ಸೆ ಎಂದರೆ ಮಣಿಪಾಲ ಅಥವಾ ಮಂಗಳೂರು, ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಭಟ್ಕಳದಿಂದ ಮಣಿಪಾಲ ಸುಮಾರು 90 ಕಿಲೋಮೀಟರ್, ಕುಮಟಾದಿಂದ 150ರಷ್ಟು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದದ್ದು ನೆನಪಿರಬಹುದು. ನ್ಯಾಯವಾದ ಕೂಗೇ.

ಈ ದೂರ ಇಲ್ಲಿ ಏಕೆ ಮುಖ್ಯ? ಕ್ಯಾನ್ಸರ್ ಔಷಧ ಬೇಗ ಬೇಗ ವಿಭಜನೆಯಾಗುವ ಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರಿನ ಕೋಶ ಯಾವುದು, ಅಸ್ಥಿಮಜ್ಜೆಯ ಒಳ್ಳೆಯ ಕೋಶ ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ಹೀಗಾಗಿ ರೋಗಾಣುಗಳನ್ನು ನುಂಗುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕುಸಿಯುತ್ತವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾವಿರಗಟ್ಟಲೆ ಇರಬೇಕಾದವು 500ಕ್ಕಿಂತ ಕೆಳಗಿಳಿದರೆ ಅಪಾಯ. ಗಾಯದಲ್ಲಿ ಕಾಣುವ ಕೀವೆಂದರೆ ಬಹುಮಟ್ಟಿಗೆ ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳೇ ತಾನೆ? ಅವೇ ಇಲ್ಲದಿದ್ದರೆ ಕೀವೂ ಇಲ್ಲ, ಬಾವು ಕೆಂಪುಗಳೂ ಅಷ್ಟಾಗಿ ಕಾಣವು. ಎಷ್ಟೋ ಸಲ ಜ್ವರವೊಂದೇ ಕುರುಹು. ಅದನ್ನು ಕಡೆಗಣಿಸಿದರೆ ಕೆಲವೇ ಗಂಟೆಗಳಲ್ಲಿ ಸೋಂಕು ರಕ್ತಕ್ಕೆಲ್ಲ ಹರಡಿಬಿಡಬಹುದು.

ಬೇರೆ ಮಕ್ಕಳಿಗಾದರೆ ಕಾಳುಮೆಣಸಿನ ಕಷಾಯ ಕೊಟ್ಟು ಬೆಳಗಿನವರೆಗೆ ಕಾಯಬಹುದು. ಈ ಮಕ್ಕಳಿಗೆ ಅದು ಸಲ್ಲದು. ತಾವಾಗಿ ಜ್ವರದ ಮಾತ್ರೆಯನ್ನೂ ಕೊಡಬಾರದು. ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕನ್ನಲ್ಲ. ಸಾಮಾನ್ಯವಾಗಿ ಹೇಳುವ ಗಡಿ 100.4 ಡಿಗ್ರಿ ಫ್ಯಾರನ್‌ಹೀಟ್. ಅಷ್ಟಾದರೆ ಮಧ್ಯರಾತ್ರಿಯಾದರೂ ವಿಭಾಗಕ್ಕೆ ಫೋನ್ ಮಾಡಬೇಕು, ಹತ್ತಿರದ ತಾಲೂಕು ಆಸ್ಪತ್ರೆಗೆ ಓಡಬೇಕು, ಚಿಕಿತ್ಸೆಯ ಪುಸ್ತಕವನ್ನು ಅಲ್ಲಿನ ವೈದ್ಯರ ಕೈಗಿಡಬೇಕು. ಆಸ್ಪತ್ರೆ ತಲಪಿದ ಒಂದು ಗಂಟೆಯೊಳಗೆ ಪ್ರತಿಜೈವಿಕದ ಮೊದಲ ಚುಚ್ಚುಮದ್ದು ಬೀಳಬೇಕೆಂಬುದು ನಿಯಮ. ಮಣಿಪಾಲದ ದಾರಿ ಹಿಡಿಯುವುದು ಆಮೇಲೆ.

ಇದನ್ನೆಲ್ಲ ಹೇಳಿ ಕಳಿಸುವವರು ನರ್ಸ್. ಹೇಳಿದರೆ ಸಾಲದು, ಹೇಳಿಸಿಯೂ ನೋಡಬೇಕು. ಕುಮಟಾದ ತಾಯಿಯೊಬ್ಬಳು ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡರೂ ಅವರು ಬಿಡುವುದಿಲ್ಲ. ಮಗುವಿನ ಕಂಕುಳಿಗೆ ಥರ್ಮಾಮೀಟರ್ ಇಡಿಸಿ, "ಎಷ್ಟು ಬಂತಮ್ಮ, ಓದಿ ಹೇಳಿ" ಎನ್ನುತ್ತಾರೆ.

"ತೊಂಬತ್ತೆಂಟು ಪಾಯಿಂಟ್ ಎರಡು, ಸಿಸ್ಟರ್."

"ರಾತ್ರಿ ಎರಡು ಗಂಟೆಗೆ ನೂರಾ ಒಂದು ಅಂತ ತೋರಿಸಿದರೆ?"

ತಾಯಿ ಚೀಲ ಕೆಳಗಿಟ್ಟು, ಮೊದಲಿನಿಂದ ಹೇಳತೊಡಗುತ್ತಾಳೆ.